ಇವತ್ತು ರಾತ್ರಿ ಉತ್ತರ ಬರೆಯಬೇಡ

ಫೋನ್ ಮಾಡಿದ್ದು ಒಳ್ಳೆಯದಾಯಿತು, ಆನ್ಸೆಲ್.
ಹೊತ್ತೇನೂ ಮೀರಿಲ್ಲ, ಎದ್ದೇ ಇದ್ದೆ,
ನಾಯಿಯ ಪಾದಕ್ಕೆ ಹೊಕ್ಕ ಮುಳ್ಳು ಕೀಳುತ್ತಿದ್ದೆ.
ಮೊದಲ ಮಾತು ಇಷ್ಟೇ: ಇವತ್ತು ರಾತ್ರಿ
ಪ್ರಿನ್ಸಿಪಾಲರಿಗೆ ಉತ್ತರ ಬರೆಯಬೇಡ.
ಎರಡನೆಯದು, ಆ ಹುಡುಗಿಗೆ ಹೇಳು,
ನಲ್ಲಿ ನೀರಿನ ಅಂಕಿಗಳನ್ನು ಇನ್ನೊಮ್ಮೆ
ಮೂಲ ಕಾಗದ ಎದುರಿಗಿಟ್ಟು ನೋಡಲಿ,
ಬೆರಳಿಟ್ಟು, ಸಾಲು ಸಾಲು.
ಮೂರನೆಯದು ನನಗೂ ಗೊತ್ತಿಲ್ಲ.
ವರ್ನಾಳನ್ನು ಕೇಳಬೇಕು.

ವರ್ನಾ ಯಾರು ಅಂತೀಯಾ?
ನಾನು ಈ ಊರಿಗೆ ಬಂದ ವರ್ಷ
ಕೊಟ್ಟದ್ದು ಬಾಯ್ಲರಿನ ಪಕ್ಕದ ಕೋಣೆ,
ಮೂರು ಕಂಪ್ಯೂಟರು, ಅದರಲ್ಲೊಂದು ಸತ್ತದ್ದು,
ಹದಿಮೂರು ಮಕ್ಕಳು, ಅವರಲ್ಲಿ ಐವರು
ಮರಗೆಲಸದ ತರಗತಿ ಭರ್ತಿಯಾಗಿ ಇತ್ತ ಬಂದವರು.
ಗಣಿತಕ್ಕೆ ಮೂವರು, ಇಂಗ್ಲಿಷಿಗೆ ನಾಲ್ವರು,
ಊಟದ ಮೇಜಲ್ಲಿ ಅವರಿಗೆ ಅವರದೇ ಮಾತು.
ಪತ್ರಿಕೋದ್ಯಮ ವಿಭಾಗ ಅಂದರೆ
ನಾನು ಮತ್ತು ನನ್ನ ಕಾಫಿ ಲೋಟ.
ಸಭೆ ಕರೆದರೆ ಕೋರಂಗೆ ಕೊರತೆಯಿಲ್ಲ, ಅದೊಂದು ಸುಖ.

ಮೊದಲ ಸಂಚಿಕೆಯಲ್ಲಿ ಕುಸ್ತಿ ತಂಡದ ನಾಯಕನ ಹೆಸರು ತಪ್ಪಾಯಿತು.
ಎರಡನೆಯದರ ತಿದ್ದುಪಡಿಯಲ್ಲಿ ಮತ್ತೆ ತಪ್ಪಾಯಿತು.
ಹುಡುಗನ ಅಜ್ಜಿ ಶಾಲೆಗೇ ಬಂದಳು,
ಒಂದೊಂದೇ ಅಕ್ಷರ ನನ್ನ ಬಾಯಿಂದ ಹೇಳಿಸಿದಳು,
ಬಾಗಿಲಲ್ಲೇ ನಿಂತು, ಕೋಟು ಬಿಚ್ಚದೆ.

ಆ ಸಂಜೆ ಡ್ರಾಯರ್ ತಡಕಾಡುವಾಗ
(ರಾಜೀನಾಮೆಗೆ ಬಿಳಿ ಹಾಳೆ ಬೇಕಿತ್ತು, ಸುಳ್ಳೇಕೆ)
ತಳಕ್ಕೆ ಅಂಟಿಸಿದ ಹಳದಿ ಚೀಟಿ ಸಿಕ್ಕಿತು.
ನನಗಿಂತ ಮುಂಚೆ ಇಲ್ಲಿ ಕೂತಿದ್ದವರ ಕೈಬರಹ:
ವರ್ನಾ ಟೀಟ್ಜ್. ಒಂದು ನಂಬರು. ಕೆಳಗೆ,
‘ಬೈಯುತ್ತಾಳೆ. ಆದರೂ ಮಾಡು.’

ಇನ್ನೂರು ಮೈಲಿ ಆಚೆ ಅವಳ ಊರು.
ಫೋನ್ ಎತ್ತಿದಾಗ ಹಿಂದೆ ಕರುಗಳ ಕೂಗು.
ನಾನು ಅತ್ತೆ. ಅವಳು ಬಾಟಲಿ ಹಾಲು ಕುಡಿಸುತ್ತ
ಅಳು ಮುಗಿಯುವ ತನಕ ಕಾದಳು.
‘ಪುಟ ಅಂಚೆಗೆ ಹಾಕು,
ಕೆಂಪು ಶಾಯಿ ನನ್ನ ಹತ್ತಿರ ಬೇಕಾದಷ್ಟಿದೆ.’
ವಾಪಸು ಬಂದ ಪುಟಕ್ಕೆ
ದಡಾರ ಎದ್ದಂತಿತ್ತು.

ಅವಳಿಂದ ರೊಸಾಲ್ವಾ, ಮಾಂಸದ ಕಾರ್ಖಾನೆಯ ಊರಿನವಳು,
ಮಕ್ಕಳ ಪತ್ರಿಕೆಯನ್ನು ಮೂರು ಭಾಷೆಯಲ್ಲಿ ತರುವವಳು.
ರೊಸಾಲ್ವಾಳಿಂದ ಮುದುಕ ಹಾರ್ಲನ್ ಪಿಶ್ನಾ,
ಅಲ್ಪವಿರಾಮಕ್ಕೂ ಕಾಲು ಕೆರೆದು ಜಗಳಕ್ಕೆ ಬರುವವನು.
ಲಿಂಕನ್‌ನಲ್ಲಿ ಅವನ ಸೊಸೆ ವಕೀಲೆ,
ಶುಲ್ಕ, ಎರಡು ಭರಣಿ ಸೌತೆ ಉಪ್ಪಿನಕಾಯಿ.

ಮಾರ್ಚಿನಲ್ಲೊಮ್ಮೆ ಬ್ರೋಕನ್ ಬೋ ಊರಿನ
ಲಾರಿಯವರ ಹೋಟೆಲಿನಲ್ಲಿ ಸೇರುತ್ತೇವೆ,
ಎಲ್ಲರಿಗೂ ಅರ್ಧ ದಾರಿ, ಯಾರಿಗೂ ಹತ್ತಿರವಲ್ಲ.
ಕಿಟಕಿಯಾಚೆ ಮುಗಿಯದ ಕಲ್ಲಿದ್ದಲ ರೈಲು.
ಆ ತಿಂಗಳು ಕೊಕ್ಕರೆಗಳು ಉತ್ತರಕ್ಕೆ ಹಾರುತ್ತವಂತೆ, ಲಕ್ಷಗಟ್ಟಲೆ,
ನೋಡಲು ಜನ ವಿಮಾನ ಹತ್ತಿ ಬರುತ್ತಾರೆ.
ಹನ್ನೊಂದು ವರ್ಷದಲ್ಲಿ ನಾವು ಒಂದನ್ನೂ ನೋಡಿಲ್ಲ,
ತಲೆ ತಗ್ಗಿಸಿ ಒಬ್ಬರ ಶೀರ್ಷಿಕೆ ಒಬ್ಬರು ಕತ್ತರಿಸುತ್ತಿರುತ್ತೇವೆ.

ಸಂಘ ಅಂತ ಹೆಸರಿಲ್ಲ ಇದಕ್ಕೆ. ಖಜಾಂಚಿಯೂ ಇಲ್ಲ.
ಹಾರ್ಲನ್ ಬಿಲ್ಲಿಗೆ ಕೈ ಚಾಚುತ್ತಾನೆ,
ವರ್ನಾ ಆ ಕೈಗೆ ಹೊಡೆಯುತ್ತಾಳೆ.
ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಅನ್ನುತ್ತಾರಲ್ಲ,
ಈ ಹುಲ್ಲಿನ ಸೀಮೆಯಲ್ಲಿ ಅದನ್ನೇ ತಿರುವಿ ಹಾಕಿದ್ದೇವೆ:
ನನ್ನ ತಲೆಹೊರೆ ಇಳಿಸಿದ ಮೇಲೆ
ಎಲ್ಲರ ಹಲ್ಲಿನ ಸಂದಿಯಲ್ಲೂ ಒಂದೊಂದು ಕಡ್ಡಿ.

ಗೆದ್ದೇ ಬಿಟ್ಟೆವು ಅಂದುಕೊಳ್ಳಬೇಡ.
ಒಂದು ವರ್ಷ ಬಸ್ಸಿನ ಗುತ್ತಿಗೆಯ ವರದಿ,
ಎಲ್ಲರೂ ಪತ್ರ ಬರೆದೆವು, ವಕೀಲೆಯೂ ಬರೆದಳು,
ಅಚ್ಚಾಗಲಿಲ್ಲ.
ಬರೆದ ಹುಡುಗಿ ಈಗ ದಂತವೈದ್ಯರ ಬಳಿ ಕೆಲಸಕ್ಕಿದ್ದಾಳೆ.
ಹಲ್ಲು ಶುಚಿ ಮಾಡುತ್ತ ಪ್ರತಿ ಸಲವೂ ಕೇಳುತ್ತಾಳೆ,
‘ಆ ವರದಿ ಇನ್ನೂ ಇಟ್ಟಿದ್ದೀರಾ ಟೀಚರ್?’
ಬಾಯಿ ಪೂರಾ ತೆರೆದಿರುತ್ತದೆ.
ಉತ್ತರ ಹೇಳಲಾಗುವುದಿಲ್ಲ.

ಸರಿ, ಪೆನ್ನು ತಗೋ, ನಂಬರು ಬರೆದುಕೋ.
ಬೆಳಿಗ್ಗೆ ಐದೂವರೆಗೆ ಮಾಡು, ಕರುಗಳ ಹೊತ್ತು.
ಈಗ ಕಿವಿ ಮಂದ ಅವಳಿಗೆ, ಜೋರಾಗಿ ಮಾತಾಡು.
ಮೂರನೇ ಪುಟಕ್ಕೆ ಸದ್ಯಕ್ಕೆ ಏನು ಅಂತೀಯಾ?
ಕುಸ್ತಿ ಹಾಕು.
ಹೆಸರುಗಳನ್ನು ಎರಡು ಸಲ ನೋಡು.